ಹಿತ್ತಲ ತರಕಾರಿಗೆ ಕಳಿತ ಗೊಬ್ಬರ

ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಸಾಕುವ ನಮಗೆ ಮನೆಯ ಹಿಂದಿನ ನಾಲ್ಕು ಮಡಿ ತರಕಾರಿ ಯಾವ ಲೆಕ್ಕ ಎಂದು ಅನ್ನಿಸುವುದು ಸಹಜ. ಆದರೂ ಸಂತೆಯ ದಿನ ಚೀಲ ಹಿಡಿದು ಬದನೆಗೆ, ಬೆಂಡೆಗೆ, ಹಸಿ ಮೆಣಸಿನಕಾಯಿಗೆ ಹಣ ಎಣಿಸಿ ಕೊಡುವವರಲ್ಲಿ ನಮ್ಮ ಬೆಳೆಗಾರರು ಕಡಿಮೆ ಇಲ್ಲ. ಕೇಳಿದರೆ ಉತ್ತರ ಒಂದೇ: “ಹಾಕಿದೆವು, ಬರಲಿಲ್ಲ.” ಗೊಬ್ಬರ ಹಾಕಲಿಲ್ಲವೇ ಎಂದರೆ, “ಬೇಕಾದಷ್ಟು ಹಾಕಿದೆವು, ಅದಕ್ಕೇನು ಬರವಿಲ್ಲ” ಎನ್ನುತ್ತಾರೆ.

ಈ ಮಾತಿನಲ್ಲೇ ಕಾಯಿಲೆಯ ಮೂಲ ಇದೆ ಎಂದು ನಮಗೆ ಅನ್ನಿಸಿದೆ. ಬಾಡಿದ ಗಿಡ, ಹಳದಿ ಎಲೆ ಕೈಯಲ್ಲಿ ಹಿಡಿದು ಔಷಧ ಕೇಳಲು ಬರುವ ಸದಸ್ಯರ ಹಿತ್ತಲನ್ನು ಹೋಗಿ ನೋಡಿದರೆ, ಔಷಧದ ಅಗತ್ಯವೇ ಇಲ್ಲದ ಸಂದರ್ಭಗಳೇ ಹೆಚ್ಚು. ಗುಂಡಿಯಿಂದ ಅವಸರದಲ್ಲಿ ಎತ್ತಿ ತಂದ, ಇನ್ನೂ ಕಳಿಯದ ಗೊಬ್ಬರವೇ ಅಲ್ಲಿ ಕಾರಣವಾಗಿರುತ್ತದೆ. ಗೊಬ್ಬರ ಹಾಕುವುದು ಒಂದು ಮಾತು, ಕಳಿತ ಗೊಬ್ಬರ ಹಾಕುವುದು ಇನ್ನೊಂದು ಮಾತು. ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ನಮ್ಮ ಮನೆಯದೇ ಒಂದು ತಪ್ಪು

ಬೇರೆಯವರ ತಪ್ಪು ಹೇಳುವ ಮೊದಲು ನಮ್ಮದನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದಿನ ತನಕ ನಮ್ಮ ಹಿತ್ತಲು ಅಮ್ಮನ ಕೈಯಲ್ಲಿತ್ತು. ಅವರು ಕೊಟ್ಟಿಗೆ ಗೊಬ್ಬರವನ್ನು ಹಿಂದಿನ ವರ್ಷದ ಗುಂಡಿಯ ತಳದಿಂದಲೇ ತೆಗೆಯುತ್ತಿದ್ದರು, ಮೇಲಿನದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅದೇಕೆ ಎಂದು ನಾವು ಕೇಳಿದವರಲ್ಲ. ಅವರಿಗೆ ಮೈಯಲ್ಲಿ ಶಕ್ತಿ ಕುಂದಿದ ವರ್ಷ ಕೆಲಸ ನಮ್ಮ ಕೈಗೆ ಬಂತು. ಅಡಿಕೆ ಸುಲಿದ ಸಿಪ್ಪೆ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದು ಏಳೆಂಟು ತಿಂಗಳಾಗಿತ್ತು, ಮೇಲೆ ನೋಡಿದರೆ ಕಪ್ಪಾಗಿತ್ತು. ಗೊಬ್ಬರವಾಯಿತು ಎಂದುಕೊಂಡು ಬದನೆ, ಮೆಣಸಿನಕಾಯಿ ಗುಣಿಗಳಿಗೆ ಬುಟ್ಟಿಗಟ್ಟಲೆ ತುಂಬಿದೆವು.

ಸಸಿ ನೆಟ್ಟು ಇಪ್ಪತ್ತು ದಿನಕ್ಕೆ ಕೆಳಗಿನ ಎಲೆ ಹಳದಿಯಾಯಿತು. ಗಿಡ ಗೇಣುದ್ದಕ್ಕೇ ನಿಂತಿತು. ರೋಗ ಎಂದು ತಿಳಿದು ಔಷಧ ತಂದು ಹೊಡೆದೆವು, ಏನೂ ಆಗಲಿಲ್ಲ. ಮತ್ತೊಂದು ತಂದು ಹೊಡೆದೆವು. ಕೊನೆಗೆ ಒಂದು ಗಿಡ ಕಿತ್ತು ನೋಡಿದರೆ, ಬೇರಿನ ಸುತ್ತ ಅಡಿಕೆ ಸಿಪ್ಪೆಯ ನಾರು ಹಾಗೇ ಇತ್ತು. ಕಪ್ಪಾಗಿದ್ದು ಹೊರಮೈ ಮಾತ್ರ.

ಆ ವರ್ಷ ಹೋದದ್ದು ತರಕಾರಿ ಒಂದೇ ಅಲ್ಲ. ಅಮ್ಮ ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟಿ ವರ್ಷ ವರ್ಷ ಉಳಿಸಿಕೊಂಡು ಬಂದಿದ್ದ ಊರ ಬದನೆಯ ಬೀಜ ಅಷ್ಟೂ ಆ ಗುಣಿಗಳಿಗೇ ಹೋಗಿತ್ತು. ಒಂದು ಕಾಯಿಯನ್ನೂ ಬೀಜಕ್ಕೆ ಬಿಡಲಾಗಲಿಲ್ಲ. ಹಿಂದೊಮ್ಮೆ ಅಮ್ಮನೇ ತವರಿಗೆ ಕೊಟ್ಟ ಬೀಜ ಅಲ್ಲಿ ಉಳಿದಿದ್ದರಿಂದ ಮರು ವರ್ಷ ಒಂದು ಹಿಡಿ ತರಲಾಯಿತು. ಅಲ್ಲಿಯೂ ಇರದಿದ್ದರೆ ಆ ತಳಿ ನಮ್ಮ ಪಾಲಿಗೆ ಮುಗಿದೇ ಹೋಗುತ್ತಿತ್ತು. “ಗುಂಡಿಯ ತಳದ್ದು ತೆಗೆಯಬೇಕು ಅಂತ ಗೊತ್ತಿರಲಿಲ್ಲವೇ?” ಎಂದು ಅವರು ಕೇಳಿದ್ದು ಒಂದೇ ಸಲ. ಆ ಮಾತು ಇನ್ನೂ ಕಿವಿಯಲ್ಲಿದೆ.

ರಾಶಿಯ ಒಳಗೆ ನಡೆಯುವುದೇನು?

ಕಸ ಗೊಬ್ಬರವಾಗುವುದು ತಾನಾಗಿ ಅಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ತಿಂದು ಜೀರ್ಣಿಸುತ್ತವೆ. ಅವುಗಳಿಗೆ ಬೇಕಾದದ್ದು ನಾಲ್ಕು: ಇಂಗಾಲ, ಸಾರಜನಕ, ಗಾಳಿ ಮತ್ತು ತೇವ. ಇಂಗಾಲ ಅವುಗಳ ಸೌದೆಯಿದ್ದಂತೆ, ಸಾರಜನಕ ಅವುಗಳ ಮೈ ಕಟ್ಟುವ ಆಹಾರ. 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ, ಬೇಗ ಕಳಿಯುತ್ತದೆ.

ಸಗಣಿ ಹೆಚ್ಚುಕಡಿಮೆ ಈ ಹದದಲ್ಲೇ ಇರುತ್ತದೆ. ಹಸಿ ಸೊಪ್ಪಿನಲ್ಲಿ ಸಾರಜನಕ ಹೆಚ್ಚು. ದರಕು, ಹುಲ್ಲು, ಅಡಿಕೆ ಸಿಪ್ಪೆ, ಸೋಗೆಗಳಲ್ಲಿ ಇಂಗಾಲವೇ ಹೆಚ್ಚು. ಮರದ ಹೊಟ್ಟಿನಲ್ಲಂತೂ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿರುತ್ತದೆ.

ಇಂಗಾಲ ಹೆಚ್ಚಿರುವ ವಸ್ತುವನ್ನು ಕಳಿಯುವ ಮೊದಲೇ ಮಣ್ಣಿಗೆ ಸೇರಿಸಿದರೆ ಏನಾಗುತ್ತದೆ? ಸೂಕ್ಷ್ಮಜೀವಿಗಳು ಅಲ್ಲಿಯೇ ಊಟಕ್ಕೆ ಕೂರುತ್ತವೆ. ಮೈ ಕಟ್ಟಲು ಬೇಕಾದ ಸಾರಜನಕ ಆ ಸಿಪ್ಪೆಯಲ್ಲಿ ಸಾಕಷ್ಟು ಸಿಗದ ಕಾರಣ ಮಣ್ಣಿನಲ್ಲಿದ್ದದ್ದನ್ನೇ ಎಳೆದುಕೊಳ್ಳುತ್ತವೆ. ಗಿಡದ ಪಾಲಿಗೆ ಏನೂ ಉಳಿಯುವುದಿಲ್ಲ. ನಾವು ಗೊಬ್ಬರ ಕೊಟ್ಟೆವು ಎಂದುಕೊಂಡಿರುತ್ತೇವೆ, ವಾಸ್ತವವಾಗಿ ಗಿಡದ ತಟ್ಟೆಯಿಂದ ಕಿತ್ತುಕೊಂಡಿರುತ್ತೇವೆ. ನಮ್ಮ ಬದನೆಗೆ ಆದದ್ದು ಇದೇ.

ನಮ್ಮಲ್ಲಿರುವ ಕಚ್ಚಾ ಸಾಮಗ್ರಿ

ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ನಮ್ಮ ಅಂಗಳದಲ್ಲೇ ಇರುವ ಸಾಮಗ್ರಿಯ ಬೆಲೆ ನಮಗೆ ಗೊತ್ತಿಲ್ಲ.

ಅಡಿಕೆ ಸಿಪ್ಪೆ, ಸೋಗೆ, ಹಾಳೆ: ಇವುಗಳಲ್ಲಿ ಗಟ್ಟಿ ನಾರು ಹೆಚ್ಚು. ಇಡಿಯಾಗಿ ಹಾಕಿದರೆ ಕಳಿಯಲು ಬಹಳ ಕಾಲ ಹಿಡಿಯುತ್ತದೆ. ಸೋಗೆ, ಹಾಳೆಗಳನ್ನು ಗೇಣುದ್ದ ಕತ್ತರಿಸಿ, ಸಿಪ್ಪೆಯನ್ನು ಎರಡು ಮೂರು ದಿನ ಸಗಣಿ ನೀರಿನಲ್ಲಿ ನೆನೆಸಿ ಹಾಕಿದರೆ ಕೆಲಸ ಬೇಗ ಸಾಗುತ್ತದೆ.

ಪಲ್ಪರಿನಿಂದ ಬರುವ ಹಸಿ ಕಾಫಿ ಸಿಪ್ಪೆ: ಇದರಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಸಾರಜನಕವೂ ಇದೆ. ಆದರೆ ನೀರು ತುಂಬಿಕೊಂಡಿರುವುದರಿಂದ ಒಂದೇ ರಾಶಿ ಹಾಕಿದರೆ ಗಾಳಿಯಾಡದೆ ಹುಳಿ ಬಂದು ನಾರುತ್ತದೆ, ನೊಣ ಮುತ್ತುತ್ತದೆ. ದರಕಿನ ಜೊತೆ ಪದರ ಪದರವಾಗಿ ಹಾಕಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಸಿಯಾಗಿಯೇ ತರಕಾರಿ ಬುಡಕ್ಕೆ ಸುರಿಯಬಾರದು.

ಒಣ ಚೆರಿಯನ್ನು ಮಿಲ್ಲಿಗೆ ಹಾಕಿಸಿದಾಗ ಬರುವ ಹೊಟ್ಟು: ಇದರಲ್ಲಿಯೂ ಪೊಟ್ಯಾಷ್ ಹೆಚ್ಚು. ಬಹಳ ಒಣಗಿರುವುದರಿಂದ ನೀರು ಕುಡಿಸಿಯೇ ಹಾಕಬೇಕು.

ಬೆಟ್ಟದ ಸೊಪ್ಪು, ದರಕು, ಕೊಟ್ಟಿಗೆಯ ಹಾಸು: ಇದು ಹಿರಿಯರ ಕಾಲದಿಂದ ಬಂದ ದಾರಿ. ಕೊಟ್ಟಿಗೆಯಲ್ಲಿ ಗಂಜಲ ಕುಡಿದ ಸೊಪ್ಪು ರಾಶಿಗೆ ಅತ್ಯುತ್ತಮ.

ಇಂದೂರು ಪದ್ಧತಿ, ಬೆಂಗಳೂರು ಪದ್ಧತಿ

ಕಾಂಪೋಸ್ಟ್ ಎಂಬ ಹೆಸರು ಹೊರಗಿನದಾದರೂ ಅದರ ಕ್ರಮಬದ್ಧ ವಿಧಾನಗಳು ನಮ್ಮ ದೇಶದಲ್ಲೇ ರೂಪುಗೊಂಡವು. ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರ ತನಕ ಇಂದೂರಿನಲ್ಲಿ ಕೆಲಸ ಮಾಡಿ, ನಮ್ಮ ರೈತರ ರೂಢಿಗಳನ್ನೂ ಗಮನಿಸಿ, ರಾಶಿಯನ್ನು ಆಗಾಗ ತಿರುವಿ ಹಾಕುವ ವಿಧಾನವನ್ನು ರೂಪಿಸಿದರು. ಅವರು ಯಶವಂತ ವಾಡ್ ಅವರೊಂದಿಗೆ ಬರೆದ ಪುಸ್ತಕ 1931ರಲ್ಲಿ ಹೊರಬಂತು. ಇದೇ ಇಂದೂರು ಪದ್ಧತಿ. ಗಾಳಿ ಸಿಗುವುದರಿಂದ ರಾಶಿ ಬಿಸಿಯೇರಿ ಸುಮಾರು 3 ತಿಂಗಳಿಗೆ ಗೊಬ್ಬರ ಸಿದ್ಧವಾಗುತ್ತದೆ.

ಮುಂದೆ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಗುಂಡಿಯಲ್ಲಿ ಪದರ ತುಂಬಿ ಮೇಲೆ ಕೆಸರು ಮೆತ್ತಿ ಮುಚ್ಚುವ ವಿಧಾನವನ್ನು ತಂದರು. ಇದು ಬೆಂಗಳೂರು ಪದ್ಧತಿ. ತಿರುವುವ ಶ್ರಮವಿಲ್ಲ, ನೀರು ಹಾಕುವ ಕೆಲಸ ಕಡಿಮೆ, ಆದರೆ 6ರಿಂದ 8 ತಿಂಗಳು ಕಾಯಬೇಕು.

ಆಳು ಸಿಗದ ಇಂದಿನ ದಿನಗಳಲ್ಲಿ ಎರಡನೆಯದೇ ಸುಲಭವೆಂದು ತೋರಬಹುದು. ಆದರೆ ನೂರು ಇಂಚಿಗೂ ಮೇಲೆ ಮಳೆ ಬೀಳುವ ಮಲೆನಾಡಿನಲ್ಲಿ ತೆರೆದ ಗುಂಡಿ ಎಂದರೆ ಕೆರೆಯೇ ಸರಿ. ಸಾರವೆಲ್ಲ ನೀರಿನಲ್ಲಿ ಇಳಿದುಹೋಗುತ್ತದೆ, ಉಳಿದದ್ದು ಕೊಳೆಯುತ್ತದೆ, ಕಳಿಯುವುದಿಲ್ಲ. ಕೊಳೆಯುವುದಕ್ಕೂ ಕಳಿಯುವುದಕ್ಕೂ ವ್ಯತ್ಯಾಸವಿದೆ: ಕೊಳೆತದ್ದು ನಾರುತ್ತದೆ, ಕಳಿತದ್ದು ಮಣ್ಣಿನಂತೆ ಗಮಗಮಿಸುತ್ತದೆ. ಆದ್ದರಿಂದ ನಮ್ಮ ಕಡೆಗೆ ನೆಲದ ಮೇಲಿನ ರಾಶಿ, ಅದಕ್ಕೊಂದು ಸೋಗೆಯ ಮಾಡು ಅಥವಾ ತಗಡು, ಇದೇ ಉತ್ತಮ.

ರಾಶಿ ಹಾಕುವ ಕ್ರಮ

ನೀರು ನಿಲ್ಲದ, ಸ್ವಲ್ಪ ಎತ್ತರದ, ನೆರಳಿನ ಜಾಗ ಆರಿಸಿಕೊಳ್ಳಿ. ಬಾವಿಯಿಂದ ದೂರವಿರಲಿ. ಅಗಲ 5 ಅಡಿ, ಎತ್ತರ 4ರಿಂದ 5 ಅಡಿ, ಉದ್ದ ನಿಮ್ಮ ಸಾಮಗ್ರಿ ಇದ್ದಷ್ಟು. 3 ಅಡಿಗಿಂತ ಗಿಡ್ಡ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ.

ತಳಕ್ಕೆ ಕಾಫಿ ಚಿಗುರಿನ ಕಡ್ಡಿ, ಸಣ್ಣ ಕೊಂಬೆಗಳನ್ನು ಅರ್ಧ ಅಡಿ ಹರಡಿ. ಇದರಿಂದ ಅಡಿಯಿಂದ ಗಾಳಿಯಾಡುತ್ತದೆ. ಅದರ ಮೇಲೆ ಒಣ ಸಾಮಗ್ರಿ ಅರ್ಧ ಅಡಿ, ನಂತರ ಹಸಿ ಸೊಪ್ಪು ಅಥವಾ ಕಾಫಿ ಸಿಪ್ಪೆ ಕಾಲು ಅಡಿ, ಅದರ ಮೇಲೆ ಸಗಣಿ ಬಗ್ಗಡ, ಕೊನೆಗೆ ತೆಳ್ಳಗೆ ಒಂದು ಪದರ ಮೇಲ್ಮಣ್ಣು ಅಥವಾ ಹಳೆಯ ಗೊಬ್ಬರ. ಹೀಗೆ ಪದರದ ಮೇಲೆ ಪದರ. ನಮ್ಮ ಹುಳಿ ಮಣ್ಣಿಗೆ ಶಿಲಾರಂಜಕ ಒಗ್ಗುತ್ತದೆ, ಪ್ರತಿ ಪದರಕ್ಕೆ ಒಂದೆರಡು ಹಿಡಿ ಉದುರಿಸಿದರೆ ಒಳ್ಳೆಯದು.

ತೇವದ ಹದ ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆಯಾದರೆ ನೀರು ಹೆಚ್ಚು, ಉದುರಿದರೆ ಕಡಿಮೆ.

ನಾಲ್ಕೈದು ದಿನಕ್ಕೆ ರಾಶಿ ಬಿಸಿಯಾಗಲೇಬೇಕು. ಚೆನ್ನಾಗಿ ಹಾಕಿದ ರಾಶಿಯ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಬರುತ್ತದೆ. ಈ ಬಿಸಿ ಕೆಲವು ದಿನ ನಿಂತರೆ ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ಸಾಯುತ್ತವೆ. ಅಂಚಿನಲ್ಲಿ ಮಾತ್ರ ಬಿಸಿ ಇರುವುದಿಲ್ಲ. ಆದ್ದರಿಂದ 15ನೇ ದಿನ, 30ನೇ ದಿನ, 60ನೇ ದಿನ ರಾಶಿಯನ್ನು ತಿರುವಿ, ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಾಡಬೇಕು. ಅಡಿಕೆ ಸಿಪ್ಪೆ ಹೆಚ್ಚಿದ್ದರೆ ಮೂರು ತಿಂಗಳು ಸಾಲದು, ಇನ್ನೆರಡು ಸಲ ತಿರುವಿ ತಾಳ್ಮೆಯಿಂದ ಕಾಯಬೇಕು.

ಎರೆಹುಳು ಸಾಕುವವರು ಮೊದಲ ಬಿಸಿ ಇಳಿದ ಮೇಲೆಯೇ ಹುಳು ಬಿಡಬೇಕು, ಬಿಸಿ ರಾಶಿಗೆ ಬಿಟ್ಟರೆ ಸಾಯುತ್ತವೆ. ಅಡಿಕೆ ತೋಟದ ಸೋಗೆ, ಹಾಳೆಗಳಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ಸಿಪಿಸಿಆರ್‌ಐ ಸಂಸ್ಥೆ ರೂಪಿಸಿದೆ. ಆಸಕ್ತರು ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು.

ರಾಶಿಗೆ ಹಾಕಬಾರದ್ದು

ಸೊರಗಿ ಸತ್ತ ಬದನೆ, ಟೊಮೇಟೊ ಗಿಡ, ಸೊರಗುರೋಗದ ಕಾಳುಮೆಣಸಿನ ಬಳ್ಳಿ, ಕೊಳೆರೋಗ ಬಂದು ಉದುರಿದ ಅಡಿಕೆ ಕಾಯಿ, ಇವು ಯಾವುವೂ ಹಿತ್ತಲ ರಾಶಿಗೆ ಬೇಡ. ಮನೆಯ ರಾಶಿಯ ಎಲ್ಲ ಭಾಗವೂ ಒಂದೇ ಸಮ ಬಿಸಿಯಾಗುತ್ತದೆಂದು ನಂಬುವಂತಿಲ್ಲ. ಇವನ್ನು ದೂರ ಒಯ್ದು ಸುಡುವುದೇ ಲೇಸು. ಕಾಯಿಕೊರಕ ಬಿದ್ದ ಕಾಫಿ ಹಣ್ಣನ್ನೂ ಹಾಗೇ ಹಾಕಬಾರದು. 1990ರಲ್ಲಿ ಗೂಡಲೂರು ಭಾಗದಲ್ಲಿ ಮೊದಲು ಕಂಡ ಈ ಕೀಟ ನಮ್ಮ ತೋಟಗಳಿಗೆಲ್ಲ ಹಬ್ಬಿದ್ದು ಇಂಥ ಉಳಿಕೆ ಹಣ್ಣುಗಳ ಆಶ್ರಯದಿಂದಲೂ ಹೌದು. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ನಂತರ ಹಾಕಬಹುದು.

ಇನ್ನೊಂದು ಮಾತು. ವಾಸನೆ ಹೋಗಲಿ ಎಂದು ಹಸಿ ಸಗಣಿಯ ಮೇಲೆ ಸುಣ್ಣ, ಬೂದಿ ಸುರಿಯುವ ರೂಢಿ ಕೆಲವರಲ್ಲಿದೆ. ಸುಣ್ಣ ತಾಗಿದೊಡನೆ ಸಗಣಿ ಗಂಜಲಗಳ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಂದರೆ ನಿಮ್ಮ ಹಣ ಹಾರಿಹೋಗುತ್ತಿದೆ ಎಂದೇ ತಿಳಿಯಿರಿ. ಸುಣ್ಣ ಬೇಕಾದರೆ ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರಕ್ಕಿಂತ ಎರಡು ಮೂರು ವಾರ ಮೊದಲೇ ಮಡಿಗೆ ಕೊಡಿ.

ಕಳಿತಿದೆಯೇ? ಐದು ಪರೀಕ್ಷೆಗಳು

1. ಕಣ್ಣು: ಯಾವುದು ಸಿಪ್ಪೆ, ಯಾವುದು ದರಕು ಎಂದು ಗುರುತು ಸಿಗಬಾರದು. ಒಂದು ನಾರು ಹಿಡಿದೆಳೆದರೆ ಪುಡಿಯಾಗಬೇಕು. ಬಣ್ಣ ಒಂದನ್ನೇ ನಂಬಿ ನಾವು ಕೆಟ್ಟೆವು, ನೀವು ನಂಬಬೇಡಿ.

2. ಮೂಗು: ಮೊದಲ ಮಳೆ ಬಿದ್ದಾಗಿನ ಮಣ್ಣಿನ ವಾಸನೆ ಬರಬೇಕು. ಹುಳಿ, ಘಾಟು, ಕೊಳೆತ ನಾತ ಇರಬಾರದು.

3. ಹಾರೆ: ಕಬ್ಬಿಣದ ಹಾರೆಯನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿ. ಬಿಸಿಯಿದ್ದರೆ ಒಳಗೆ ಕೆಲಸ ಇನ್ನೂ ನಡೆದಿದೆ. ರಾಶಿ ಒಣಗಿಯೂ ತಣ್ಣಗಿರಬಹುದು. ನೀರು ಹಾಕಿ ತಿರುವಿದ ಮೇಲೂ ಬಿಸಿಯೇರದಿದ್ದರೆ ಮಾತ್ರ ಕಳಿತಿದೆ ಎನ್ನಬೇಕು.

4. ಚೀಲ: ಒಂದೆರಡು ಹಿಡಿ ಗೊಬ್ಬರವನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ನಾರಿದರೆ ಇನ್ನೂ ಕಾಯಬೇಕು.

5. ಬೀಜ: ಇದು ಎಲ್ಲಕ್ಕಿಂತ ನಂಬಿಕೆಯದು. ಎರಡು ಗೆರಟೆ ತೆಗೆದುಕೊಂಡು ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಅರ್ಧ ಮಣ್ಣು, ಅರ್ಧ ಗೊಬ್ಬರ ತುಂಬಿ. ಎರಡಕ್ಕೂ ಹತ್ತು ಹತ್ತು ಸಾಸಿವೆ ಕಾಳು ಹಾಕಿ ವಾರ ಹತ್ತು ದಿನ ನೋಡಿ. ಗೊಬ್ಬರದ ಗೆರಟೆಯಲ್ಲಿ ಕಡಿಮೆ ಹುಟ್ಟಿದರೆ, ಹುಟ್ಟಿದ್ದು ಹಳದಿಯಾಗಿದ್ದರೆ, ಆ ಗೊಬ್ಬರ ಹಿತ್ತಲಿಗೆ ಇನ್ನೂ ಸಲ್ಲದು. ಹತ್ತು ದಿನದ ಈ ಕಾಯುವಿಕೆ ಒಂದು ಋತುವಿನ ಬೆಳೆಯನ್ನು ಉಳಿಸುತ್ತದೆ.

ಎಷ್ಟು ಹಾಕಬೇಕು?

ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಸಾಮಾನ್ಯ ಶಿಫಾರಸು. ನಮ್ಮ ಲೆಕ್ಕಕ್ಕೆ ತಂದರೆ 1 ಗುಂಟೆಗೆ ಸುಮಾರು 250 ಕಿಲೋ, ಅಂದರೆ ಹತ್ತು ಕಿಲೋದ ಬುಟ್ಟಿಯಲ್ಲಿ 25 ಬುಟ್ಟಿ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಹರಿವೆ ಮಡಿಗೆ ಒಂದು ಬುಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು. ಬದನೆ, ಮೆಣಸಿನಕಾಯಿ, ಟೊಮೇಟೊಗೆ ಗುಣಿಗೊಂದು ಒಂದೂವರೆ ಕಿಲೋ ಮೇಲ್ಮಣ್ಣಿನಲ್ಲಿ ಬೆರೆಸಿ ತುಂಬಬೇಕು. ಹೀರೆ, ತೊಂಡೆ, ಬಸಲೆ, ಸೌತೆ ಬಳ್ಳಿಗಳ ದೊಡ್ಡ ಗುಣಿಗೆ ಮೂರರಿಂದ ಐದು ಕಿಲೋ. ಬುಡಕ್ಕೆ ರಾಶಿ ಹಾಕಿ ಕಾಂಡ ಮುಚ್ಚಬಾರದು, ಗೇಣು ದೂರದಲ್ಲಿ ಸುತ್ತ ಹಾಕಿ ಮಣ್ಣು ಎಳೆಯಬೇಕು.

ಹಾಗಾದರೆ ಕಳಿಯದ ಸಿಪ್ಪೆ, ದರಕು ನಿರುಪಯೋಗವೇ? ಅಲ್ಲ. ಮಣ್ಣಿನೊಳಗೆ ಕೆಡುಕು ಮಾಡುವ ಅದೇ ಸಾಮಗ್ರಿ ಮಣ್ಣಿನ ಮೇಲೆ ಹೊದಿಕೆಯಾಗಿ ಬೇಸಿಗೆಯಲ್ಲಿ ಬಹಳ ಒಳ್ಳೆಯದು. ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ, ಅಡಿಯಿಂದ ನಿಧಾನವಾಗಿ ಕಳಿಯುತ್ತದೆ. ಬೆರೆಸಬೇಡಿ, ಹೊದಿಸಿ. ಮಳೆಗಾಲ ಹಿಡಿದೊಡನೆ ಮಾತ್ರ ಅದನ್ನು ಎಳೆದು ರಾಶಿಗೆ ಹಾಕಿ, ಇಲ್ಲವಾದರೆ ಬಸವನಹುಳುಗಳ ಮನೆಯಾಗುತ್ತದೆ.

ಹಿತ್ತಲ ಕೆಲವು ತೊಂದರೆಗಳು

ಕೆಳಗಿನ ಎಲೆಯಿಂದ ಹಳದಿಯಾಗಿ ಗಿಡ ನಿಂತಲ್ಲೇ ನಿಲ್ಲುವುದು: ಸಾರಜನಕದ ಕೊರತೆ. ಬುಡ ಕೆದಕಿ ಕಳಿಯದ ನಾರು ಕಂಡರೆ ಆದಷ್ಟು ತೆಗೆಯಿರಿ. ಗೋಬರ್ ಗ್ಯಾಸ್ ಬಗ್ಗಡವನ್ನು ತೆಳ್ಳಗೆ ಮಾಡಿ, ಇಲ್ಲವೇ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಕೊಡಿ. ಹೊಸ ಚಿಗುರು ಹಸಿರಾಗಿ ಬಂದರೆ ಗಿಡ ಚೇತರಿಸಿತು ಎಂದು ತಿಳಿಯಿರಿ.

ಎಳೆ ಸಸಿಯ ಎಲೆ ಅಂಚು ಸುಟ್ಟಂತಾಗಿ ಬೇರು ಕಂದುವುದು: ಹಸಿ ಸಗಣಿ, ಅದರಲ್ಲೂ ಹಸಿ ಕೋಳಿಗೊಬ್ಬರದ ಕಾವು. ಕೋಳಿಗೊಬ್ಬರವನ್ನು ದರಕಿನ ಜೊತೆ ರಾಶಿಯಲ್ಲಿ ಕಳಿಸದೆ ಹಿತ್ತಲಿಗೆ ತರಲೇಬಾರದು.

ಗಿಡ ಸೊಂಪಾಗಿ ಬೆಳೆದು ಕಾಯಿ ಬಿಡದಿರುವುದು: ಇದು ಸಾರಜನಕ ಹೆಚ್ಚಾಗಿ ಅಥವಾ ಬಿಸಿಲು ಕಡಿಮೆಯಾಗಿ ಆಗುವಂಥದ್ದು. ಗೊಬ್ಬರ ನಿಲ್ಲಿಸಿ. ಕಾಯಿ ಬಿಡುವ ತರಕಾರಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ತೋಟದ ನೆರಳಿನಲ್ಲಿ ಕೆಸು, ಅರಿಶಿನದಂಥವು ಬಂದಾವು, ಟೊಮೇಟೊ ಬಾರದು.

ಹಸಿರಾಗಿದ್ದ ಬದನೆ, ಟೊಮೇಟೊ ಗಿಡ ಎರಡೇ ದಿನದಲ್ಲಿ ಸೊರಗಿ ಬೀಳುವುದು: ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ ಗಾಜಿನ ಲೋಟದ ತಿಳಿ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗುರೋಗ. ಎಷ್ಟೇ ಒಳ್ಳೆಯ ಗೊಬ್ಬರವೂ ಇದನ್ನು ಗುಣಪಡಿಸದು. ಗಿಡ ಕಿತ್ತು ಸುಟ್ಟು, ಆ ಜಾಗದಲ್ಲಿ ಕೆಲವು ವರ್ಷ ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗೆಡ್ಡೆ ಬೆಳೆಯದೆ ಹರಿವೆ, ಬೆಂಡೆ, ಅಲಸಂದೆ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ, ಅರ್ಕಾ ನೀಲಕಂಠ ಬದನೆಗಳೂ ಅರ್ಕಾ ರಕ್ಷಕ್ ಟೊಮೇಟೊವೂ ಈ ರೋಗವನ್ನು ತಡೆದುಕೊಳ್ಳುತ್ತವೆ. ಅರ್ಕಾ ರಕ್ಷಕ್ ಸಂಕರಣ ತಳಿಯಾದ್ದರಿಂದ ಅದರ ಬೀಜ ಮರಳಿ ಬಿತ್ತಲು ಬರುವುದಿಲ್ಲ.

ಗೊಬ್ಬರದಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳು: ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ ಇದಾಗಿರುವುದೇ ಹೆಚ್ಚು. ತಿರುವದೆ ಬಿಟ್ಟ ರಾಶಿಯೇ ಇದರ ತೊಟ್ಟಿಲು. ನಾವು ನಿರ್ಲಕ್ಷಿಸಿದ ರಾಶಿಯ ಫಲವನ್ನು ನೆರೆಯವರ ತೆಂಗೂ ಉಣ್ಣಬೇಕಾಗುತ್ತದೆ. ತಿರುವುವಾಗ ಹುಳು ಆರಿಸಿ ಕೊಲ್ಲಿ, ಕೋಳಿಗಳನ್ನು ಬಿಡಿ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಾಶಿಗೆ ಬೆರೆಸಿದರೆ ಈ ಹುಳುಗಳಿಗೆ ರೋಗ ತಗುಲಿ ಸಾಯುತ್ತವೆ. ಅಡಿಕೆ ಬೇರು ತಿನ್ನುವ ಬೇರುಹುಳು ಬೇರೆಯೇ ಜಾತಿ, ಅದು ಮಣ್ಣಿನಲ್ಲಿರುತ್ತದೆ.

ಗೆದ್ದಲು: ಮಣ್ಣಿನಲ್ಲಿ ಹೂತ ಒಣ ಕಡ್ಡಿ, ಕಳಿಯದ ಸಿಪ್ಪೆಯನ್ನು ಅರಸಿ ಬರುತ್ತದೆ. ಕಳಿತ ಗೊಬ್ಬರದಲ್ಲಿ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ.

ಬಸವನಹುಳು: ಆಫ್ರಿಕಾದ ದೊಡ್ಡ ಜಾತಿಯದು ಕಾಫಿ, ಅಡಿಕೆ ತೋಟಗಳಿಗೂ ಉಪದ್ರವವಾಗಿದೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಅಲ್ಲಿ ಸೇರಿದವನ್ನು ಆರಿಸಿ ಉಪ್ಪು ನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಇವು ಮನುಷ್ಯರಿಗೆ ಅಪಾಯವಾಗುವ ಪರೋಪಜೀವಿಗಳನ್ನು ಹೊತ್ತಿರಬಹುದು.

ವರ್ಷದ ಲೆಕ್ಕ

ಕಾಫಿ ಕುಯ್ಲು, ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಸಿಪ್ಪೆ ಕೈಗೆ ಬರುತ್ತದೆ, ದರಕೂ ಉದುರಿರುತ್ತದೆ. ಶಿವರಾತ್ರಿಯ ಒಳಗೆ ರಾಶಿ ಹಾಕಿ. ಮೃಗಶಿರಾ ಮಳೆ ಹಿಡಿಯುವ ಮೊದಲು ಮೂರು ಸಲ ತಿರುವಿ ಮಾಡು ಹೊದಿಸಿ. ಆರಿದ್ರೆಯಿಂದ ಮಘೆಯ ತನಕ ಅದನ್ನು ಅದರ ಪಾಡಿಗೆ ಬಿಡಿ. ನವರಾತ್ರಿಯ ಹೊತ್ತಿಗೆ ಗೆರಟೆಯಲ್ಲಿ ಸಾಸಿವೆ ಹಾಕಿ ನೋಡಿ. ಸರಿಯಿದ್ದರೆ ಸ್ವಾತಿ ಮಳೆಯ ಹಿಂದೆಯೇ ಚಳಿಗಾಲದ ತರಕಾರಿಗೆ ಗುಣಿ ತುಂಬಿ. ಸರಿಯಿಲ್ಲದಿದ್ದರೆ ಹಿಂದಿನ ವರ್ಷದ ರಾಶಿಯ ತಳದ್ದನ್ನು ಬಳಸಿ. ಅದಕ್ಕಾಗಿಯೇ ಯಾವಾಗಲೂ ಎರಡು ರಾಶಿ ಇರಲಿ: ಒಂದು ಕಳಿಯಲು, ಒಂದು ಬಳಸಲು.

ತವರಿನಿಂದ ತಂದ ಆ ಹಿಡಿ ಬೀಜದಲ್ಲಿ ಮರು ವರ್ಷ ಹನ್ನೊಂದು ಗಿಡ ಎದ್ದವು. ಗೊಬ್ಬರವನ್ನು ಈ ಸಲ ಗುಂಡಿಯ ತಳದಿಂದಲೇ ತೆಗೆದೆವು. ಮೊದಲ ಕಾಯಿಗಳನ್ನು ಕೊಯ್ಯದೆ ಬೀಜಕ್ಕೆ ಬಿಟ್ಟೆವು. ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟುವಾಗ ಅಮ್ಮ ಜಗಲಿಯಿಂದಲೇ ನೋಡುತ್ತಿದ್ದರು. ಅದರಲ್ಲಿ ಎರಡು ಪಾಲು ಮಾಡಿ ಒಂದನ್ನು ನೆರೆಮನೆಗೆ ಕೊಟ್ಟಿದ್ದೇವೆ. ಬೀಜವನ್ನು ಒಂದೇ ಮನೆಯಲ್ಲಿ ಇಡಬಾರದು ಎಂಬುದು ನಾವು ಕಲಿತ ಇನ್ನೊಂದು ಪಾಠ.

ಸದಸ್ಯ ಬಾಂಧವರು ಈ ಸಲ ಔಷಧದ ಅಂಗಡಿಗೆ ಹೋಗುವ ಮೊದಲು ಒಂದು ಗಿಡವನ್ನು ಬೇರು ಸಹಿತ ಕಿತ್ತು ನೋಡಬೇಕೆಂದು ನಮ್ಮ ವಿನಂತಿ. ಬೇರಿನ ಸುತ್ತ ಸಿಪ್ಪೆಯ ನಾರು ಕಂಡರೆ ಹಣ ಕೊಟ್ಟು ತರಬೇಕಾದದ್ದು ಏನೂ ಇಲ್ಲ. ರಾಶಿಯನ್ನು ಮತ್ತೊಮ್ಮೆ ತಿರುವಿ, ಕಾಯ್ದರೆ ಸಾಕು.